ಕುಲುಮೆಗೆ ಬರುವ ಹೊಸಬರ ವಿಷಯವಾಗಿ ಮಗಳಿಗೊಂದು ಪತ್ರ

ಬೇಲೂರು

ಮಗಳೇ,

ಅಮ್ಮನ ಆಶೀರ್ವಾದಗಳು. ಬರುವ ಭಾನುವಾರದಿಂದ ಚಿಕ್ಕಮಗಳೂರಿನ ನಿನ್ನ ಶೆಡ್ಡಿಗೆ ಆರು ಜನ ಕಬ್ಬಿಣದ ಕೆಲಸ ಕಲಿಯಲು ಬರುತ್ತಾರೆ ಎಂದೆಯಲ್ಲ. ಫೋನಿನಲ್ಲಿ ಹೇಳಿದ್ದು ಬೆಂಕಿ ಮುಂದೆ ನಿಂತಾಗ ನೆನಪಿಗೆ ಬರುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ಬಸ್ಸಿನಲ್ಲಿ ಒಂದು ಪೆಟ್ಟಿಗೆಯನ್ನೂ ಕಳಿಸಿದ್ದೇನೆ. ಐದು ಇಕ್ಕಳ, ಒಂದೊಂದು ಕೆಜಿಯ ಎರಡು ಸುತ್ತಿಗೆ, ಮೂರೂವರೆ ಕೆಜಿಯ ಒಂದು ಸಮ್ಮಟಿಗೆ, ಹಿಡಿ ಹಾಕಿದ ಎರಡು ಉಳಿ, ಒಂದು ಅಯಸ್ಕಾಂತ ಅದರಲ್ಲಿವೆ.

ಮೊದಲು ಇಕ್ಕಳದ ಮಾತು. ಸವೆದ ಸಾಮಾನನ್ನು ಕಲಿಯುವವರಿಗೆ ಕೊಟ್ಟು ಒಳ್ಳೆಯದನ್ನು ಅಟ್ಟದ ಮೇಲಿಡುವ ರೂಢಿ ಇದೆ. ನೀನು ಹಾಗೆ ಮಾಡಬೇಡ. ಪಳಗಿದ ಕೈ ಸಡಿಲ ಇಕ್ಕಳವನ್ನೂ ಹೇಗೋ ನಿಭಾಯಿಸುತ್ತದೆ, ಹೊಸ ಕೈಗೆ ಅದು ಆಗುವುದಿಲ್ಲ. 10 ಮಿ.ಮೀ. ಕಂಬಿ ಕಚ್ಚಿದಾಗ ಎರಡು ದವಡೆಯೂ ಉದ್ದಕ್ಕೂ ತಾಗಬೇಕು, ಹಿಡಿಗಳ ನಡುವೆ ಎರಡು ಬೆರಳು ಜಾಗ ಉಳಿಯಬೇಕು. ದವಡೆಯ ತುದಿ ಮಾತ್ರ ತಾಗಿದರೆ ಪೆಟ್ಟು ಬಿದ್ದಾಗ ಕಂಬಿ ತಿರುಗುತ್ತದೆ. ಬುಡ ಮಾತ್ರ ತಾಗಿದರೆ ಕೆಂಪು ಕಂಬಿ ಜಾರಿ ಹಾರುತ್ತದೆ, ಎದುರಿಗೆ ನಿಂತವರ ಗತಿ ನಿನಗೇ ಗೊತ್ತು. ಸರಿಮಾಡುವುದಕ್ಕೆ ಹೆಚ್ಚು ಹೊತ್ತು ಬೇಡ. ದವಡೆಯನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸು, ತಣ್ಣನೆಯ 10 ಮಿ.ಮೀ. ಕಂಬಿಯನ್ನು ಕಚ್ಚಿಸು, ಹಿಡಿಗಳ ನಡುವೆ ಎರಡು ಬೆರಳು ದಪ್ಪದ ಕಡ್ಡಿ ಇಟ್ಟು ಅದುಮಿ ಹಿಡಿ, ದವಡೆಯ ಮೇಲೆ ನಾಲ್ಕು ಪೆಟ್ಟು ಹಾಕು. ಆಮೇಲೆ ಗಾಳಿಯಲ್ಲೇ ತಣಿಯಲಿ. ನೀರಿಗೆ ಅದ್ದಿದರೆ, ಅದು ಉಕ್ಕಿನ ಇಕ್ಕಳವಾಗಿದ್ದ ಪಕ್ಷದಲ್ಲಿ ದವಡೆ ಪೆಡಸಾಗಿ ಒಂದು ದಿನ ಪಟ್ಟನೆ ಮುರಿಯುತ್ತದೆ. ಹಿಡಿಯ ತುದಿಗೆ ಬಣ್ಣ ಹಚ್ಚು: 8 ಮಿ.ಮೀ.ಗೆ ಹಳದಿ, 10ಕ್ಕೆ ಕೆಂಪು, ಪಟ್ಟಿ ಹಿಡಿಯುವುದಕ್ಕೆ ಬಿಳಿ. ಆಗ ಕಲಿಯುವವರು ನಿನ್ನನ್ನು ಕೇಳದೆ ತಾವೇ ಸರಿಯಾದದ್ದನ್ನು ಎತ್ತಿಕೊಳ್ಳುತ್ತಾರೆ, ಅದೇ ಜಾಗಕ್ಕೆ ತಂದಿಡುತ್ತಾರೆ.

ಒಂದೇ ಅಡಿಗಲ್ಲಿಗೆ, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ದಿಂಡಿಗೆ, ಆರು ಜನ ಕಾಯುವುದು ಕಷ್ಟ. ಇನ್ನೊಂದಕ್ಕೆ ರೈಲು ಹಳಿಯ ಅರ್ಧ ಮೀಟರ್ ತುಂಡು ಸಾಕು. ಮೀಟರಿಗೆ 52 ಕೆಜಿಯ ಹಳಿಯಾದರೆ ತುಂಡು 26 ಕೆಜಿ ತೂಗುತ್ತದೆ. ಅದನ್ನು ಮಲಗಿಸಿದರೆ ನಡುವಿನ ತೆಳುವಾದ ಸೊಂಟ ಪೆಟ್ಟು ಬಿದ್ದಾಗ ಪುಟಿದು ಶಕ್ತಿಯನ್ನು ತಿಂದುಹಾಕುತ್ತದೆ. ನೆಟ್ಟಗೆ ನಿಲ್ಲಿಸಿ ಮರದ ದಿಮ್ಮಿಯಲ್ಲಿ ಹೂಳು, ಪೆಟ್ಟಿನ ಕೆಳಗೆ ಪೂರ್ತಿ 26 ಕೆಜಿ ಇರುತ್ತದೆ. ಗುಜರಿಯಲ್ಲಿ ಕೊಳ್ಳುವಾಗ ಹರಾಜಿನ ರಸೀದಿ ಕೇಳಿ ತೆಗೆದುಕೋ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ.

ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಗೆಣ್ಣು ಅಡಿಗಲ್ಲಿನ ಮುಖಕ್ಕೆ ತಾಗಬೇಕು. ಎಲ್ಲರೂ ಒಂದೇ ಎತ್ತರದವರಲ್ಲ, ಆದ್ದರಿಂದ ಅಡಿಗಲ್ಲನ್ನು ಎತ್ತರದವರ ಅಳತೆಗೆ ಇಟ್ಟು ಕುಳ್ಳಗಿರುವವರ ಕಾಲಡಿಗೆ ಹಲಗೆ ಹಾಕು. ಎತ್ತರ ಸರಿಯಿದೆಯೋ ಇಲ್ಲವೋ ಎನ್ನುವುದನ್ನು ಕಬ್ಬಿಣವೇ ತೋರಿಸುತ್ತದೆ. ಸುತ್ತಿಗೆಯ ಅರ್ಧಚಂದ್ರದ ಗುರುತು ಹೊಡೆಯುವವರ ಕಡೆ ಬಿದ್ದಿದ್ದರೆ ಅಡಿಗಲ್ಲು ಎತ್ತರವಾಗಿದೆ, ಆಚೆ ಕಡೆ ಬಿದ್ದಿದ್ದರೆ ತಗ್ಗಾಗಿದೆ. ಹೊಡೆಯುವವರನ್ನು ಬೈಯುವ ಮೊದಲು ಇದನ್ನು ನೋಡು.

ಬೆಂಕಿಯ ಬಗ್ಗೆ ಎಲ್ಲರೂ ಮಾಡುವ ತಪ್ಪು ಒಂದೇ, ಬೇಗ ಕಾಯಲಿ ಎಂದು ಕಂಬಿಯನ್ನು ಗಾಳಿಯ ಬಾಯಿಗೇ ಚುಚ್ಚುವುದು. ಅಲ್ಲಿ ಇದ್ದಿಲು ತಿಂದು ಮುಗಿಸದ ಗಾಳಿ ನೇರವಾಗಿ ಕಬ್ಬಿಣಕ್ಕೆ ತಾಗಿ ದಪ್ಪ ಚಕ್ಕೆ ಏಳಿಸುತ್ತದೆ. ಇದ್ದಿಲು 15 ಸೆಂ.ಮೀ. ಆಳಕ್ಕೆ ಇರಲಿ, ಕಂಬಿ ಅದರ ನಡುವಿನಲ್ಲಿ ಅಡ್ಡಲಾಗಿ ಮಲಗಲಿ, ಮೇಲೂ ನಾಲ್ಕು ಬೆರಳು ಕೆಂಡ ಇರಲಿ. ಬ್ಲೋವರನ್ನು ಪೂರ್ತಿ ತೆರೆಯದಂತೆ ತಗಡಿನ ಬಾಗಿಲು ಹಾಕಿಸು. ನಮ್ಮ ತಿದಿಯಲ್ಲಿ ಎಳೆಯುವವರ ಕೈಯೇ ಅಳತೆಯಾಗಿತ್ತು, ಬ್ಲೋವರಿಗೆ ಆ ಅಳತೆ ಗೊತ್ತಿಲ್ಲ.

ಬಣ್ಣ ಕಲಿಸುವುದಕ್ಕೆ ಮೊದಲ ದಿನದ ಅರ್ಧ ಹೊತ್ತನ್ನು ಕೊಡು. ಶೆಡ್ಡಿನ ಬಿಸಿಲು ಬೀಳುವ ಕಡೆ ಗೋಣಿ ಕಟ್ಟು, ಬಿಸಿಲಲ್ಲಿ ಬಣ್ಣ ಮಂಕಾಗಿ ಕಂಡು ಹೊಸಬರು ಕಬ್ಬಿಣವನ್ನು ಸುಟ್ಟೇಬಿಡುತ್ತಾರೆ. ಕಪ್ಪುಗೆಂಪು ಅಂದರೆ ಸುಮಾರು 650 ಡಿಗ್ರಿ, ಅಲ್ಲಿ ಸುತ್ತಿಗೆ ನಿಲ್ಲಬೇಕು, ಉಕ್ಕಾದರೆ ಬಿರುಕು ಬಿಡುತ್ತದೆ. ಕಿತ್ತಳೆ 950ರ ಹತ್ತಿರ, ಕೆಲಸ ಮಾಡಲು ಒಳ್ಳೆಯದು. ಹಳದಿ 1,100ರ ಹತ್ತಿರ, ಮೆದು ಕಬ್ಬಿಣಕ್ಕೆ ಇದು ಸುಖ. ಬೆಳ್ಳಗಾಗಿ ಮತಾಪಿನಂತೆ ಕಿಡಿ ಹಾರಿದರೆ ಆ ತುದಿ ಹೋಯಿತು, ಕತ್ತರಿಸಿ ಎಸೆಯಬೇಕು. ಒಂದು ತುಂಡನ್ನು ಬೇಕೆಂದೇ ಸುಟ್ಟು ತೋರಿಸು. ಪುಡಿಪುಡಿಯಾಗುವುದನ್ನು ಒಮ್ಮೆ ಕಂಡವರಿಗೆ ಎರಡನೇ ಸಲ ಹೇಳಬೇಕಾಗಿಲ್ಲ.

ಮೊದಲ ಕೆಲಸ ಗೋಡೆಯ ಕೊಕ್ಕೆ. 10 ಮಿ.ಮೀ. ಸಾದಾ ಕಂಬಿ, 20 ಸೆಂ.ಮೀ., ತೂಕ ಸುಮಾರು 123 ಗ್ರಾಂ. ಕಟ್ಟಡದ ಟಿ.ಎಂ.ಟಿ. ಕಂಬಿ ಬೇಡ, ಅದರ ಮೈಮೇಲಿನ ಉಬ್ಬುಗೆರೆಗಳು ಮಡಚಿ ಒಳಗೆ ಸೇರಿ ಸೀಳು ಬಿಡುತ್ತವೆ. ದುಂಡು ಕಂಬಿಯನ್ನು ದುಂಡಾಗಿಯೇ ಚೂಪು ಮಾಡಲು ಹೋದರೆ ನಡುವೆ ಪೊಳ್ಳಾಗಿ ತುದಿ ಮೀನಿನ ಬಾಯಂತೆ ತೆರೆಯುತ್ತದೆ. ಮೊದಲು ಚೌಕ, ಚೌಕವಾಗಿಯೇ ಚೂಪು, ಆಮೇಲೆ ನಾಲ್ಕು ಮೂಲೆ ತಟ್ಟಿ ಎಂಟು ಮುಖ, ಕೊನೆಗೆ ದುಂಡು. ಒಂದು ಪೆಟ್ಟು, ಕಾಲು ಸುತ್ತು, ಮತ್ತೆ ಒಂದು ಪೆಟ್ಟು. ತಿರುಗಿಸುವುದು ಸ್ವಲ್ಪ ಹೆಚ್ಚುಕಡಿಮೆಯಾದರೂ ಚೌಕ ಹೋಗಿ ವಜ್ರಾಕಾರವಾಗುತ್ತದೆ. ಆಗ ಚಪ್ಪಟೆ ಮುಖಕ್ಕೆ ಹೊಡೆದರೆ ಇನ್ನೂ ಓರೆಯಾಗುತ್ತದೆ. ಚೆನ್ನಾಗಿ ಕಾಯಿಸಿ, ಉದ್ದವಾದ ಎರಡು ಮೂಲೆಗಳ ಮೇಲೆ ನಿಲ್ಲಿಸಿ ತಟ್ಟಿದರೆ ಸರಿಹೋಗುತ್ತದೆ. ಕೊಕ್ಕೆ ಬಾಗಿಸುವುದು ಸಣ್ಣ ಕೆಲಸ, ನೀನು ಒಮ್ಮೆ ಮಾಡಿದರೆ ನೋಡಿಯೇ ಕಲಿಯುತ್ತಾರೆ.

ಮೂರನೇ ವಾರಕ್ಕೆ ಜೋಡಿ ಕೆಲಸ ಶುರುಮಾಡು. ಒಬ್ಬರು ಇಕ್ಕಳ ಮತ್ತು ಸಣ್ಣ ಸುತ್ತಿಗೆ, ಇನ್ನೊಬ್ಬರು ಸಮ್ಮಟಿಗೆ. ನಮ್ಮ ಮನೆಗಳಲ್ಲಿ ಸಮ್ಮಟಿಗೆ ಹೊಡೆದವರಲ್ಲಿ ಬಹುಪಾಲು ಹೆಂಗಸರೇ, ಅದು ಬರೀ ತೋಳಿನ ಬಲದ ಕೆಲಸವಲ್ಲ ಎಂದು ಅದರಿಂದಲೇ ತಿಳಿಯಬೇಕು. ಸಣ್ಣ ಸುತ್ತಿಗೆ ಎಲ್ಲಿ ತಾಗುತ್ತದೋ ಅಲ್ಲೇ ಸಮ್ಮಟಿಗೆ ಬೀಳಬೇಕು. ಸಣ್ಣ ಸುತ್ತಿಗೆ ಕಬ್ಬಿಣ ಬಿಟ್ಟು ಅಡಿಗಲ್ಲನ್ನು ಟಣ್ ಎನಿಸಿತೆಂದರೆ ನಿಲ್ಲಿಸು ಎಂದರ್ಥ, ಸಮ್ಮಟಿಗೆ ಎತ್ತಿದ್ದರೂ ಪಕ್ಕಕ್ಕೆ ಇಳಿಸಬೇಕು. ಈ ಸದ್ದನ್ನು ತಣ್ಣನೆಯ ಮರದ ತುಂಡಿನ ಮೇಲೆ ಹತ್ತು ನಿಮಿಷ ಅಭ್ಯಾಸ ಮಾಡಿಸಿದ ಮೇಲೆಯೇ ಬೆಂಕಿಗೆ ಕರೆ. ಸಮ್ಮಟಿಗೆ ಹೊಡೆಯುವವರು ಎದುರಾಗಿ ನಿಲ್ಲಬಾರದು, ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಸರದಿ ಬದಲಾಯಿಸುತ್ತಿರು. ಇನ್ನೊಬ್ಬರ ಕಬ್ಬಿಣಕ್ಕೆ ಒಂದು ಗಂಟೆ ಸಮ್ಮಟಿಗೆ ಹೊಡೆದವರು ಆ ಶೆಡ್ಡಿನಲ್ಲಿ ಪರಕೀಯರಾಗಿ ಉಳಿಯುವುದಿಲ್ಲ.

ಈಗ ಹದದ ವಿಷಯ, ಅಂದರೆ ಉಕ್ಕನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಿ, ಆಮೇಲೆ ಅದರ ಪೆಡಸು ಇಳಿಸುವುದು. ಮಗಳೇ, ಇದನ್ನು ಮುಚ್ಚಿಡಬೇಡ. ನಮ್ಮೂರಿನ ಚೆನ್ನಕೇಶವ ಗುಡಿ ಶುರುವಾದದ್ದು 1117ರಲ್ಲಿ. ಬಳ್ಳಿಗಾವಿಯ ಶಿಲ್ಪಿ ದಾಸೋಜ, ಅವನ ಮಗ ಚಾವಣನ ಹೆಸರನ್ನು ಮದನಿಕೆಯರ ಪೀಠದಲ್ಲಿ ಜನ ಇವತ್ತಿಗೂ ಓದುತ್ತಾರೆ. ಅವರ ಉಳಿಗೆ ಬಾಯಿ ತಟ್ಟಿ ಹದ ಇಟ್ಟ ಕೈಗಳು ಯಾರವೆಂದು ನಮಗೆ ಯಾರೂ ಹೇಳಲಿಲ್ಲ. ಅಪ್ಪನಿಂದ ಮಗನಿಗೆ ಮಾತ್ರ ಎಂದು ಕಟ್ಟಿಟ್ಟ ವಿದ್ಯೆ ಮಗ ಬೇರೆ ಕೆಲಸಕ್ಕೆ ಹೋದ ದಿನವೇ ಮುಗಿಯುತ್ತದೆ.

ಕತ್ತಿಗೆ ಲಾರಿಯ ಕಮಾನು ಪಟ್ಟಿ ತೆಗೆದುಕೋ. ನಡುವಿನ ಬೋಲ್ಟ್ ತೂತಿನ ಸುತ್ತ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಆ ಭಾಗವನ್ನು ಕತ್ತರಿಸಿ ಬಿಡು. ರೂಪ ಕೊಟ್ಟಾದ ಮೇಲೆ ಅಯಸ್ಕಾಂತಕ್ಕೆ ಅಂಟದಂತಾಗುವವರೆಗೆ ಕಾಯಿಸಿ ಗಾಳಿಯಲ್ಲಿ ಕಪ್ಪಾಗಲು ಬಿಡಬೇಕು, ಹೀಗೆ ಮೂರು ಸಲ. ಪೆಟ್ಟಿನ ಬಿಗಿತ ಅದರಿಂದ ಬಿಡುತ್ತದೆ. ಇದನ್ನು ತಪ್ಪಿಸಿದ ಕತ್ತಿಯೇ ಎಣ್ಣೆಯಲ್ಲಿ ಬಾಳೆ ಎಲೆಯಂತೆ ಸೊಟ್ಟಗಾಗುವುದು. ಕಬ್ಬಿಣ ಸುಮಾರು 770 ಡಿಗ್ರಿಯಲ್ಲಿ ಅಯಸ್ಕಾಂತವನ್ನು ಬಿಡುತ್ತದೆ, ಅಲ್ಲಿಂದ ಒಂದು ಛಾಯೆ ಮೇಲೆ, 830ರ ಸುಮಾರಿಗೆ ಅದ್ದಬೇಕು. ನೀರು ಬೇಡ, ಕಮಾನು ಪಟ್ಟಿ ನೀರಿನಲ್ಲಿ ಟಿಕ್ ಎಂದು ಸೀಳುತ್ತದೆ. ಐದು ಲೀಟರ್ ಅಡುಗೆ ಎಣ್ಣೆ, 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿದ್ದು, ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ. ತಣ್ಣನೆಯ ಎಣ್ಣೆ ಗಟ್ಟಿ, ಶಾಖವನ್ನು ನಿಧಾನಕ್ಕೆ ಎಳೆಯುತ್ತದೆ. ಅಲಗನ್ನು ಒಂದೇ ಸಲಕ್ಕೆ ಪೂರ್ತಿ ಮುಳುಗಿಸಬೇಕು, ಅರ್ಧಕ್ಕೆ ನಿಲ್ಲಿಸಿದರೆ ಉರಿ ಹತ್ತುತ್ತದೆ. ಹತ್ತಿದರೆ ಮುಚ್ಚಳ ಹಾಕು, ನೀರು ಹಾಕಬೇಡ. ಎಂಜಿನ್ ಎಣ್ಣೆಯ ಹೊಗೆ ಎದೆಗೆ ಕೆಟ್ಟದ್ದು, ಅದನ್ನು ಶೆಡ್ಡಿನೊಳಗೆ ತರಲೇಬೇಡ.

ತೆಗೆದ ಮೇಲೆ ಅಂಚಿಗೆ ಅರ ಎಳೆ. ಜಾರಿದರೆ ಗಟ್ಟಿಯಾಗಿದೆ, ಕಚ್ಚಿದರೆ ಬೆಂಕಿ ಸಾಲಲಿಲ್ಲ. ಈಗ ಅದು ಗಾಜಿನಷ್ಟು ಪೆಡಸು, ಕೆಳಗೆ ಬಿದ್ದರೂ ಮುರಿದೀತು, ಆದ್ದರಿಂದ ಅದೇ ಗಂಟೆಯೊಳಗೆ ಹದ ಇಳಿಸಬೇಕು. ಒಂದು ಪಕ್ಕವನ್ನು ಬೆಳ್ಳಗೆ ಉಜ್ಜಿ, ಕತ್ತಿಯ ಬೆನ್ನನ್ನು ಕೆಂಪು ಕಬ್ಬಿಣದ ಮೇಲೆ ಇಟ್ಟು ಬಣ್ಣ ನಡೆಯುವುದನ್ನು ನೋಡಬೇಕು: ಒಣಹುಲ್ಲಿನ ಬಣ್ಣ 220, ಕಂದು 250, ನೇರಳೆ 280, ನೀಲಿ 300. ಕಾಫಿ ಗಿಡದ ರೆಂಬೆ ಸವರುವ ಕತ್ತಿಗೆ ಕಂದು ಅಂಚಿಗೆ ಬಂದಾಗ ನಿಲ್ಲಿಸು. ಮರಗಸಿಯ, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯುವ, ಕತ್ತಿಗೆ ನೇರಳೆಯವರೆಗೆ ಬಿಡು. ಅದನ್ನು ಹಿಡಿದವರು ಸಿಲ್ವರ್ ಓಕಿನ ಮೇಲೆ ಹಗ್ಗದಲ್ಲಿ ನಿಂತು ಬೀಸುತ್ತಾರೆ, ಅಲ್ಲಿ ಅಂಚು ಚಕ್ಕೆ ಹಾರುವುದಕ್ಕಿಂತ ಸ್ವಲ್ಪ ಮೊಂಡಾದರೂ ವಾಸಿ.

ಸತು ಹಚ್ಚಿದ ಪೈಪು, ತಂತಿ, ಬಕೆಟ್ಟಿನ ಹಿಡಿ ಯಾವುದೂ ಬೆಂಕಿಗೆ ಬೀಳಬಾರದು. ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿಜ್ವರ ಬರುತ್ತದೆ. ಎರಡೂ ಬಾಯಿ ಮುಚ್ಚಿದ ಕೊಳವೆ ಕಾಯಿಸಿದರೆ ಸಿಡಿಯುತ್ತದೆ. ಉಳಿಯ ತಲೆ ಅಣಬೆಯಂತೆ ಅರಳಿದ್ದರೆ ಸಾಣೆ ಹಿಡಿದು ತೆಗೆ, ಆ ಚೂರು ಹಾರಿದರೆ ಕಣ್ಣಿಗೇ. ಎಲ್ಲರಿಗೂ ಕನ್ನಡಕ, ಹತ್ತಿ ಬಟ್ಟೆ, ಜಡೆ ಕಟ್ಟಿರಬೇಕು, ವೇಲ್ ಬೇಡ. ಸುಟ್ಟರೆ ಹರಿಯುವ ನಲ್ಲಿ ನೀರಿನಡಿ 20 ನಿಮಿಷ. ಪೇಸ್ಟು, ಅರಿಶಿನ ಏನೂ ಹಚ್ಚಬಾರದು. ಕಪ್ಪಗಿರುವ ಕಬ್ಬಿಣ ತಣ್ಣಗಿದೆ ಎಂದು ಯಾರೂ ಮುಟ್ಟಬಾರದು, ಮೊದಲು ಅಂಗೈಯ ಹಿಂಭಾಗ ಹತ್ತಿರ ತಂದು ನೋಡಲಿ.

ಆರು ಜನರೂ ಮೂರು ತಿಂಗಳು ಉಳಿದರೆ ಪ್ರತಿಯೊಬ್ಬರೂ ಎರಡು ಜೊತೆ ಇಕ್ಕಳ ಮಾಡಲಿ, ಒಂದು ಮನೆಗೆ, ಇನ್ನೊಂದು ಶೆಡ್ಡಿನ ಗೋಡೆಗೆ. ಒಂದು ಜೊತೆಗೆ 16 ಮಿ.ಮೀ. ಕಂಬಿ 40 ಸೆಂ.ಮೀ.ಯ ಎರಡು ತುಂಡು, 8 ಮಿ.ಮೀ.ಯ ಒಂದು ರಿವೆಟ್ ಬೇಕು. ರಿವೆಟ್ ಬಡಿದು ಕೆಂಪಗಿರುವಾಗಲೇ ಹಿಡಿಗಳನ್ನು ನಾಲ್ಕಾರು ಸಲ ತೆರೆದು ಮುಚ್ಚಲಿ, ಇಲ್ಲದಿದ್ದರೆ ಬಿಗಿದುಕೊಳ್ಳುತ್ತದೆ. ಆ ಗೋಡೆ ತುಂಬಿದಾಗ ನಾನು ಕಳಿಸಿದ ಐದನ್ನು ವಾಪಸ್ ಕಳಿಸು, ಹಾಸನದಲ್ಲಿ ಇನ್ನೊಬ್ಬಳು ಕಲಿಯಬೇಕು ಎನ್ನುತ್ತಿದ್ದಾಳೆ.

ಪ್ರೀತಿಯಿಂದ,
ಅಮ್ಮ