ಸರ್ವನಾಮವನ್ನು ಆಡಿಸುತ್ತಾ ಕಲಿಸಲಿ

ಮಾನ್ಯರೆ,

ಒಂದನೇ ತರಗತಿಯ ಮಕ್ಕಳಿಗೆ ಇಂಗ್ಲಿಷಿನ ‘ಐ, ಯು, ಹಿ, ಶಿ’ಗಳನ್ನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವ ರೂಢಿಯನ್ನು ನಮ್ಮ ಕೊಡಗಿನ ಶಾಲೆಗಳು ಕೈಬಿಡಬೇಕೆಂಬುದು ನನ್ನ ಕಳಕಳಿಯ ಮನವಿ.

ಕನ್ನಡದಲ್ಲಿ ‘ಬಂದೆನು’, ‘ಬಂದಳು’ ಎಂದರೆ ಸಾಕು, ಬಂದವರು ಯಾರೆಂಬುದು ಕ್ರಿಯಾಪದದ ಕೊನೆಯಲ್ಲೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ‘ಕೇಮ್’ ಎಂಬ ಒಂದೇ ರೂಪ ಎಲ್ಲರಿಗೂ ಸಲ್ಲುವುದರಿಂದ ಹೆಸರೋ ಸರ್ವನಾಮವೋ ಇಲ್ಲದೆ ವಾಕ್ಯವೇ ನಿಲ್ಲದು. ಟೀಚರನ್ನು ‘ಅವರು’ ಎಂದೇ ಕರೆದು ಬೆಳೆದ ಮಗು ಇಂಗ್ಲಿಷಿನಲ್ಲಿ ‘ದೇ’ ಎಂದರೆ ಅದು ದಡ್ಡತನವಲ್ಲ, ಮನೆಯಲ್ಲಿ ಕಲಿತ ಮರ್ಯಾದೆ, ದಯವಿಟ್ಟು ಗದರಿಸಬೇಡಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ಯರವ ನುಡಿಯನ್ನಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಇಲ್ಲಿನ ಅನೇಕ ಮಕ್ಕಳಿಗೆ ಇಂಗ್ಲಿಷ್ ಮೂರನೆಯ ಭಾಷೆ.

‘ಐ’ ಮತ್ತು ‘ಯು’ ಯಾರನ್ನು ಸೂಚಿಸುತ್ತವೆ ಎಂಬುದು ಮಾತನಾಡುವವರು ಬದಲಾದಂತೆಲ್ಲ ಬದಲಾಗುತ್ತದೆ. ಹಲಗೆಯ ಮೇಲಿನ ಪಟ್ಟಿ ಇದನ್ನು ತೋರಿಸಲಾರದು. ನಲಿಕಲಿ ತರಗತಿಯಲ್ಲಿ ಮಕ್ಕಳನ್ನು ಸುತ್ತ ಕೂರಿಸಿ, ಒಂದು ಕಿತ್ತಳೆಯನ್ನು ಕೈಯಿಂದ ಕೈಗೆ ದಾಟಿಸುತ್ತಾ, ಹಿಡಿದ ಮಗು ‘ಐ ಹ್ಯಾವ್ ಇಟ್’ ಎಂದೂ ಉಳಿದವರು ಅದರತ್ತ ಕೈ ತೋರಿ ‘ಹಿ ಹ್ಯಾಸ್ ಇಟ್’ ಅಥವಾ ‘ಶಿ ಹ್ಯಾಸ್ ಇಟ್’ ಎಂದೂ ಹೇಳುವಂತೆ ಮಾಡಿದರೆ, ‘ಹ್ಯಾವ್’, ‘ಹ್ಯಾಸ್’ಗಳ ವ್ಯತ್ಯಾಸವೂ ಜೊತೆಯಲ್ಲೇ ನಾಲಿಗೆಗೆ ಹತ್ತುತ್ತದೆ. ಶಿಕ್ಷಣ ಇಲಾಖೆಯು ಜಿಲ್ಲೆಯ ಶಿಕ್ಷಕರ ತರಬೇತಿಯಲ್ಲಿ ಇಂತಹ ಆಟಗಳನ್ನು ಪ್ರತ್ಯಕ್ಷವಾಗಿ ಮಾಡಿ ತೋರಿಸಲಿ.

– ಓರ್ವ ಪೋಷಕಿ, ವಿರಾಜಪೇಟೆ