ಮಾಳಿಗಿ ಹತ್ತಿ ಬಂದ ಕಾಕಾರಿಗೆ

ಧಾರವಾಡದ ಸಪ್ತಾಪುರದಾಗ ನಮ್ಮ ಮಾಳಿಗಿ ಮ್ಯಾಲಿನ ಆಂಟೆನಾ ನೋಡಿ ತಾವಾಗೇ ಬಾಗಲಾ ಬಡದ ಕಾಕಾರ, ಹೆಸರು ಕೇಳೂದ್ರಾಗ ಸ್ಕೂಟರ್ ಹತ್ತಿ ಹೋಗಿಬಿಟ್ರಿ. ಅದಕ್ಕ ಇಲ್ಲೇ ಹೇಳ್ತೀನಿ, ಭಾಳ ಉಪಕಾರ ಆತ್ರಿ.

ಜಿಟಿಜಿಟಿ ಮಳಿ ಹಿಡದಾಗಿಂದ ನನ್ನ ಹ್ಯಾಮ್ ರೇಡಿಯೊಕ್ಕ (ಹವ್ಯಾಸಕ್ಕ ಇಟ್ಕೊಂಡ ರೇಡಿಯೊಕ್ಕ) ಕಿವಿನೇ ಇರಲಿಲ್ಲ. ಬಾಹ್ಯಾಕಾಶ ನಿಲ್ದಾಣ ತಲಿ ಮ್ಯಾಲೆ ಹೋಗೂ ಮುಂದ 145.825 ಮೆಗಾಹರ್ಟ್ಸ್‌ನ್ಯಾಗ ಅದರ ಪ್ಯಾಕೆಟ್, ಅಂದ್ರ ಕಂಪ್ಯೂಟರ್ ಓದೂ ಸಣ್ಣ ಸಂದೇಶದ ಗಂಟು, ಹಿಡೀಬೇಕಂದ್ರ ಬರೇ ಗೊರಗೊರ. ನೀವು ಕಂಪ್ಯೂಟರ್ ಕಡೆ ನೋಡಲೇ ಇಲ್ಲ. ಸೀದಾ ಕೇಬಲ್ ಜೋಡಿಸಿದ್ದಲ್ಲಿ ಟೇಪ್ ಬಿಚ್ಚಿದ್ರಿ. ಒಳಗಿನ ತಾಮ್ರದ ಜಾಳಗಿ ಹಸರಗಟ್ಟಿತ್ತು. ಕೆಟ್ಟಷ್ಟು ಕತ್ತರಿಸಿ, ಹೊಸದಾಗಿ ಸೋಲ್ಡರ್ ಮಾಡಿ, ನೀರು ಸುತ್ತಿನ ತಳದಿಂದನ ತೊಟ್ಟಿಕ್ಕಲಿ ಅಂತ ಕೇಬಲ್ ಒಂದು ಸುತ್ತು ಜೋತುಬಿಟ್ರಿ.

ಚಹಾ ಕುಡಕೋತ ಹೇಳಿದ್ದು ಇನ್ನೂ ನೆನಪೈತಿ: 1200, 2200 ಹರ್ಟ್ಸ್ ಎರಡ ಸ್ವರದಾಗ ಸೆಕೆಂಡಿಗೆ 1200 ಬಿಟ್, ಅಂದ್ರ ಸೊನ್ನಿ-ಒಂದು, ಹರೀತಾವ. “ಮಾತು ಅರ್ಧ ಕೇಳಿದ್ರೂ ತಿಳೀತೈತಿ ತಮ್ಮಾ. ಪ್ಯಾಕೆಟ್ ಹಂಗಲ್ಲ, ಒಂದ ಬಿಟ್ ಕೆಟ್ರೂ ಪೂರಾ ತಿಪ್ಪಿಗೆ.” ಯಾವ ಪುಸ್ತಕನೂ ನನಗ ಇಷ್ಟು ಸರಳ ಹೇಳಿರಲಿಲ್ಲ. ಅವತ್ತ ಸಂಜೀಕ ಕಾಲ್‌ಸೈನ್‌ಗಳು (ರೇಡಿಯೊ ಕೇಂದ್ರಗಳ ಗುರುತಿನ ಹೆಸರು) ಪರದೆ ಮ್ಯಾಲೆ ಪಟಪಟ ಬಿದ್ವು.

ನಿಮ್ಮ ಇಕ್ಕಳ ನಮ್ಮಲ್ಲೇ ಉಳದೈತಿ, ಬಂದು ಒಯ್ರಿ. 73, ಅಂದ್ರ ಹ್ಯಾಮ್ ಮಂದಿ ಭಾಷಾದಾಗ ಶುಭಾಶಯ.