ಓದಿದ್ದನ್ನು ಹೇಳಿಕೊಳ್ಳೋಕೆ ಒಂದು ಕೋಣೆ ಕೊಡಿ

ಸಂಪಾದಕರಿಗೆ ನಮಸ್ಕಾರ.

‘ಈಗ ಯಾರೂ ಪುಸ್ತಕ ಓದಲ್ಲ, ಅದರಲ್ಲೂ ನಮ್ಮ ಭಾಗದಲ್ಲಿ ಓದೋರೇ ಇಲ್ಲ’ ಅನ್ನೋ ಮಾತು ರಾಯಚೂರಿನ ಯಾವ ಸಾಹಿತ್ಯ ಕಾರ್ಯಕ್ರಮಕ್ಕೆ ಹೋದರೂ ವೇದಿಕೆಯಿಂದ ಒಮ್ಮೆಯಾದರೂ ಕೇಳಿಬರುತ್ತದೆ. ನಿಮ್ಮ ಓದುಗರ ಪತ್ರಗಳಲ್ಲೂ ಆಗಾಗ ಕಾಣುತ್ತದೆ. ನನಗಂತೂ ಇದು ಒಪ್ಪಿಗೆ ಇಲ್ಲ. 2016ರ ಡಿಸೆಂಬರಿನಲ್ಲಿ ಇಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ನೋಟು ರದ್ದಾಗಿ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಯಾರ ಕೈಯಲ್ಲೂ ಚಿಲ್ಲರೆ ಇಲ್ಲ. ಎರಡು ಸಾವಿರದ ನೋಟು ಹಿಡಿದು ನೂರಿಪ್ಪತ್ತು ರೂಪಾಯಿಯ ಪುಸ್ತಕಕ್ಕಾಗಿ ಮಳಿಗೆಯವರ ಹತ್ತಿರ ಗೋಗರೆಯುತ್ತಿದ್ದವರನ್ನು ನಾನೇ ನೋಡಿದ್ದೇನೆ. ಓದದ ಜನ ಹಾಗೆ ನಿಲ್ಲುತ್ತಾರಾ? ನಮ್ಮಲ್ಲಿ ಓದುವವರು ಇದ್ದಾರೆ. ಓದಿದ್ದನ್ನು ಹೇಳಿಕೊಳ್ಳೋಕೆ ಜಾಗ ಇಲ್ಲ.

ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಭಾನುವಾರ ಸಂಜೆ ಸೇರುತ್ತೇವೆ. ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದಲ್ಲಿ ಶಿಫ್ಟ್ ಮಾಡುವವರು, ಗಂಜ್ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವರು, ಒಬ್ಬರು ಅಂಗನವಾಡಿ ಟೀಚರ್, ಡಿಗ್ರಿ ಓದುವ ಇಬ್ಬರು ಮೂವರು ಹುಡುಗರು. ಬೇಸಿಗೆಯಲ್ಲಿ ಏಳು ಗಂಟೆಗೆ ಮೊದಲು ಸೇರುವ ಮಾತೇ ಇಲ್ಲ, ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಆಮೇಲೆ ಯಾರದಾದರೂ ಮನೆಯ ಮಾಳಿಗೆ ಮೇಲೆ ಚಾಪೆ ಹಾಸಿದರೆ ಆಯಿತು.

ನಮ್ಮದು ಒಂದೇ ಕಟ್ಟುನಿಟ್ಟು. ಕಥೆಯ ಸಾರಾಂಶ ಹೇಳೋ ಹಾಗಿಲ್ಲ. ಅದು ಹಿಂದಿನ ರಟ್ಟಿನ ಮೇಲೇ ಇರುತ್ತದೆ. ಓದುವಾಗ ನಿಮಗೆ ಎಲ್ಲಿ ಸಿಟ್ಟು ಬಂತು, ಎಲ್ಲಿ ಪುಟ ಹಾರಿಸಿದಿರಿ, ಯಾವ ಸಾಲಿಗೆ ಪುಸ್ತಕ ಮಡಚಿಟ್ಟು ಸುಮ್ನೆ ಕೂತಿರಿ, ಅದನ್ನು ಹೇಳಿ. ಅರ್ಧಕ್ಕೆ ಬಿಟ್ಟವರೂ ಮಾತಾಡಬಹುದು. ಯಾಕೆ ಬಿಟ್ಟೆ ಅಂತ ಅವರು ಹೇಳೋದು ಎಷ್ಟೋ ಸಲ ಪೂರ್ತಿ ಓದಿದವರ ಮಾತಿಗಿಂತ ಚೆನ್ನಾಗಿರುತ್ತದೆ.

ಒಂದು ಸಂಜೆ ಗುಳೆ ಹೋಗುವ ಕುಟುಂಬದ ಕಥೆಯೊಂದನ್ನು ಮಾತಿಗೆ ತೆಗೆದುಕೊಂಡಿದ್ದೆವು. ಊರು ಬಿಡುವಾಗ ಮಕ್ಕಳು ಅಳುವ ಭಾಗ ಎಲ್ಲರಿಗೂ ತಟ್ಟಿತ್ತು, ಒಬ್ಬೊಬ್ಬರೂ ಅದನ್ನೇ ಹೇಳುತ್ತಿದ್ದರು. ಅಲ್ಲಿಯವರೆಗೂ ಸುಮ್ಮನಿದ್ದ ಒಬ್ಬ ಹೆಣ್ಣುಮಗಳು, ‘ಅಳೋದ್ಯಾಕ್ರೀ? ನಾವು ಸಣ್ಣವರಿದ್ದಾಗ ಅಪ್ಪ ಅವ್ವನ ಜೊತಿ ಬೆಂಗಳೂರಿಗೆ ಹೋಗ್ತಿದ್ವಿ. ಬಸ್ಸಿನ್ಯಾಗ ಕುಂದ್ರೋದು ಅಂದ್ರ ನಮಗ ಹಬ್ಬ. ಅಳ್ತಿದ್ದಾಕಿ ಅಜ್ಜಿ, ಆಕಿನ್ನ ಊರಾಗ ಬಿಟ್ಟು ಹೋಗ್ತಿದ್ವಿ’ ಅಂದರು. ಯಾರೂ ತಿರುಗಿ ಮಾತಾಡಲಿಲ್ಲ. ಆ ಕಥೆ ಕೆಟ್ಟದ್ದು ಅಂತ ಇದರಿಂದ ಆಗಲ್ಲ. ಆದರೆ ಅದರಲ್ಲಿ ಅಜ್ಜಿ ಯಾಕಿಲ್ಲ ಅನ್ನೋ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯಾವ ವಿಮರ್ಶೆಯಲ್ಲೂ ನಾನು ಇದನ್ನು ಓದಿಲ್ಲ, ಓದುತ್ತೇನೆ ಅಂತ ಭರವಸೆಯೂ ಇಲ್ಲ.

ಇನ್ನೊಮ್ಮೆ ಇತಿಹಾಸದ ಪುಸ್ತಕವೊಂದರಲ್ಲಿ ಮಸ್ಕಿ ಶಾಸನದ ವಿಷಯ ಬಂತು. ಅದಕ್ಕೆ ಮೊದಲು ಸಿಕ್ಕಿದ್ದ ಶಾಸನಗಳಲ್ಲಿ ದೊರೆಯ ಬಿರುದುಗಳಷ್ಟೇ ಇದ್ದವು, ಅಶೋಕ ಅನ್ನೋ ಹೆಸರು ಕಂಡಿದ್ದು ನಮ್ಮ ಜಿಲ್ಲೆಯ ಈ ಬಂಡೆಯಲ್ಲಿ. ಇಷ್ಟನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. 1915ರಲ್ಲಿ ಅದನ್ನು ಪತ್ತೆ ಮಾಡಿದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್ ಅಂತ ಒಬ್ಬರು ಓದಿ ಹೇಳಿದ್ದೇ ತಡ, ಅಪ್ಪ ಹಟ್ಟಿ ಗಣಿಯಲ್ಲಿ ದುಡಿದ ಗೆಳೆಯರೊಬ್ಬರು ಶುರು ಮಾಡಿದರು ನೋಡಿ! ಮಾತು ಮಸ್ಕಿಯ ಗುಡ್ಡದಿಂದ ಗಣಿಯ ಆಳಕ್ಕೆ ಇಳಿಯಿತು. ಪುಸ್ತಕದಲ್ಲಿ ಎರಡೇ ಪುಟ ಇದ್ದದ್ದಕ್ಕೆ ಆ ಸಂಜೆಯೆಲ್ಲ ಸಾಲಲಿಲ್ಲ. ಉರ್ದು ಬಲ್ಲ ಹಿರಿಯರೊಬ್ಬರು ಬಂದ ದಿನ ಗಜಲ್ ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ, ಅಲ್ಲಿಂದ ಮಾತು ಕನ್ನಡದಲ್ಲೇ ಗಜಲ್ ಬರೆದ ನಮ್ಮ ಜಿಲ್ಲೆಯ ಶಾಂತರಸರ ಕಡೆ ಹೊರಳುತ್ತದೆ. ಇದೆಲ್ಲ ವಾಟ್ಸಾಪಿನಲ್ಲಿ ಆಗಲ್ಲ. ಅಲ್ಲಿ ಹೆಬ್ಬೆರಳು ಎತ್ತುವವರು ಜಾಸ್ತಿ, ‘ಪಿಡಿಎಫ್ ಇದ್ದರೆ ಕಳಿಸಿ’ ಅನ್ನುವವರು ಅದಕ್ಕಿಂತ ಜಾಸ್ತಿ. ಬರೆದವರ, ಅಚ್ಚು ಹಾಕಿಸಿದವರ ಹೊಟ್ಟೆ ಮೇಲೆ ಹೊಡೆಯುವ ಕೆಲಸ ಅದು ಅಂತ ಹೇಳಿದರೆ ಮುನಿಸು ಬೇರೆ.

ಈಗ ನಮ್ಮ ಕಷ್ಟಕ್ಕೆ ಬರುತ್ತೇನೆ. ಮಾಳಿಗೆ ಎಲ್ಲ ಕಾಲಕ್ಕೂ ಆಗಲ್ಲ. ಮಳೆಗಾಲ ಇದೆ, ಮನೆಯವರಿಗೂ ತೊಂದರೆ. ಗೊತ್ತಿಲ್ಲದವರ ಮನೆಗೆ ಹೊಸಬರು, ಅದರಲ್ಲೂ ಹೆಣ್ಣುಮಕ್ಕಳು, ಬರೋಕೆ ಹಿಂಜರಿಯುತ್ತಾರೆ. ಒಂದು ಕಚೇರಿಯಲ್ಲಿ ಸಭಾಂಗಣ ಕೇಳಿದೆವು. ಸಂಘ ನೋಂದಣಿ ಆಗಿದೆಯಾ, ಲೆಟರ್‌ಹೆಡ್ ಎಲ್ಲಿ, ಮುಖ್ಯ ಅತಿಥಿ ಯಾರು ಅಂತ ಕೇಳಿದರು. ಅತಿಥಿ ಯಾರೂ ಇಲ್ಲ ಸಾರ್, ನಾವೇ ಮಾತಾಡೋದು ಅಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. ಹಾರ, ಶಾಲು, ಮೈಕು ಇಲ್ಲದ ಕಾರ್ಯಕ್ರಮ ಅವರ ಲೆಕ್ಕದಲ್ಲಿ ಕಾರ್ಯಕ್ರಮವೇ ಅಲ್ಲ.

ಹಾಗಾಗಿ ನಮ್ಮ ಕೋರಿಕೆ ಸಾರ್ವಜನಿಕ ಗ್ರಂಥಾಲಯಗಳ ಕಡೆಗೆ. 1965ರ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರುತ್ತದೆ. ಅಂದರೆ ಅಲ್ಲಿ ಕೂರುವ ಹಕ್ಕು ನಮಗೂ ಇದೆ ಅಲ್ವಾ? ಓದುವ ಕೋಣೆಯಲ್ಲಿ ಬೆಳಿಗ್ಗೆಯಿಂದ ಪಿಎಸ್ಐ, ಎಫ್‌ಡಿಎ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರು ಇರುತ್ತಾರೆ. ಅವರ ಕುರ್ಚಿ ನಮಗೆ ಬೇಡ, ಅವರಿಗೆ ಗದ್ದಲವೂ ಆಗಬಾರದು. ಪಕ್ಕದ ಒಂದು ಕೋಣೆ, ಇಲ್ಲವೇ ಹೊರಗಿನ ವರಾಂಡ, ತಿಂಗಳಿಗೆ ಒಂದು ಭಾನುವಾರ ಎರಡು ತಾಸು ಕೊಟ್ಟರೆ ಸಾಕು. ಗುಡಿಸಿ, ದೀಪ ಆರಿಸಿ, ಕೀಲಿ ಒಪ್ಪಿಸಿ ಹೋಗುತ್ತೇವೆ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲೇ ಪಂಚಾಯತ್ ರಾಜ್ ಇಲಾಖೆಗೆ ಸೇರಿ ಈಗ ಅರಿವು ಕೇಂದ್ರಗಳಾಗಿವೆ, ಅಲ್ಲಿ ಮಕ್ಕಳಿಗೆ ಒಳ್ಳೆಯ ಕೆಲಸ ನಡೆಯುತ್ತಿದೆ. ಹೊಲದಿಂದ ಬಂದ ದೊಡ್ಡವರೂ ಸಂಜೆ ಕೂತು ಮಾತಾಡುವ ಹಾಗಾದರೆ ದೇವದುರ್ಗ, ಲಿಂಗಸುಗೂರಿನಿಂದ ನಮ್ಮ ಗುಂಪಿಗೆ ಬರೋರಿಗೆ ಬಸ್ ಖರ್ಚಾದರೂ ಉಳಿಯುತ್ತದೆ.

ನಿಮ್ಮಲ್ಲೂ ಒಂದು ಮನವಿ. ಊರಿನ ಕಾರ್ಯಕ್ರಮಗಳ ಪಟ್ಟಿಯಲ್ಲಿ ಪುಸ್ತಕ ಬಿಡುಗಡೆ, ಸನ್ಮಾನ ಎಲ್ಲ ಹಾಕುತ್ತೀರಿ. ಅದರ ಕೆಳಗೆ ಇಂಥ ಪುಸ್ತಕದ ಬಗ್ಗೆ ಇಂಥ ಕಡೆ ಮಾತುಕತೆ, ಯಾರು ಬೇಕಾದರೂ ಬರಬಹುದು ಅಂತ ಒಂದು ಸಾಲು ಸೇರಿಸಿದರೆ ಉಪಕಾರ. ಪ್ರತಿ ತಿಂಗಳು ಎಂಟು ದಿನ ಮೊದಲೇ ವಿವರ ಕಳಿಸುತ್ತೇವೆ.

– ಒಬ್ಬ ಓದುಗ, ರಾಯಚೂರು